ಬಿದ್ದದ್ದು ಯಾರ ಮನೆ?

ಕಳೆದ ಸುಗ್ಗಿಗೆ ಊರಿಗೆ ಹೋದಾಗ ನನ್ನ ಚೀಲದಲ್ಲಿ ಒಂದು ದಪ್ಪ ಇಂಗ್ಲಿಷ್ ಪುಸ್ತಕವಿತ್ತು. ಜಗಲಿಯ ಮೇಲೆ ಕೂತು ಓದುತ್ತಿದ್ದೆ. ಪಕ್ಕದಲ್ಲಿ ಅವ್ವ ಮೊರ ಹಿಡಿದು ರಾಗಿ ಕೇರುತ್ತಿದ್ದಳು.

"ಅದೇನ್ಲಾ ಅಷ್ಟೊತ್ತಿಂದ ಓದ್ತಾ ಇದೀಯ?"

"ಪಡುವಲ ದೇಸದೋರ ಕಥೆ ಕಣವ್ವ. ಅವರ ಕಾಲ ಮುಗೀತಂತೆ. ದೊಡ್ಡ ಮನೆ ಮುಳುಗೋಯ್ತಂತೆ."

ಅವ್ವ ಮೊರ ನಿಲ್ಲಿಸಿದಳು. "ದೊಡ್ಡೋರ ಮನೆ ಬಿದ್ರೆ ದೊಡ್ಡೋರು ಇನ್ನೊಂದು ಕಟ್ಕತಾರೆ. ಬಾಗ್ಲು ಕಾಯ್ತಿದ್ದೋನು ಏನಾದ್ನಂತೆ? ಅದ ಬರ್ದವ್ರಾ ಅದ್ರಲ್ಲಿ?"

ನಾನು ಪುಟ ತಿರುವಿದೆ. ಬರೆದಿರಲಿಲ್ಲ. ಅವ್ವ ಮತ್ತೆ ಕೇರತೊಡಗಿದಳು. ಅವಳಿಗೆ ಅಲ್ಲಿಗೆ ಮುಗಿದಿತ್ತು. ನನಗೆ ಮುಗಿಯಲಿಲ್ಲ. ಈ ಲೇಖನ ಅವಳ ಆ ಪ್ರಶ್ನೆಯನ್ನು ಹಿಡಿದುಕೊಂಡು ಬರೆದದ್ದು.

ಆ ಪುಸ್ತಕ ಬರೆದವನು ಆಸ್ವಾಲ್ಡ್ ಸ್ಪೆಂಗ್ಲರ್. 1880ರಲ್ಲಿ ಜರ್ಮನಿಯಲ್ಲಿ ಹುಟ್ಟಿದವನು, ಹ್ಯಾಂಬರ್ಗ್ ಪಟ್ಟಣದಲ್ಲಿ ಸ್ಕೂಲ್ ಮೇಷ್ಟ್ರಾಗಿದ್ದವನು. ತಾಯಿಯಿಂದ ಬಂದ ಒಂದಿಷ್ಟು ಆಸ್ತಿ ನಂಬಿಕೊಂಡು 1911ರಲ್ಲಿ ನೌಕರಿ ಬಿಟ್ಟು ಮ್ಯೂನಿಕ್ ಸೇರಿದ. ಯುದ್ಧದ ವರ್ಷಗಳಲ್ಲಿ ಬಡತನದಲ್ಲಿ ಕೂತು ಬರೆದ. 1918ರಲ್ಲಿ ಮೊದಲ ಸಂಪುಟ, 1922ರಲ್ಲಿ ಎರಡನೆಯದು. ಪುಸ್ತಕದ ಹೆಸರು ಪಶ್ಚಿಮದ ಅವನತಿ. ಜರ್ಮನ್ ಭಾಷೆಯಲ್ಲಿ ಪಶ್ಚಿಮಕ್ಕೆ ಅವನು ಬಳಸಿದ ಪದಕ್ಕೆ 'ಸಂಜೆಯ ನಾಡು' ಎಂದರ್ಥ. ಅವನತಿಗೆ ಬಳಸಿದ ಪದವನ್ನು ಸೂರ್ಯ ಮುಳುಗುವುದಕ್ಕೂ ಹೇಳುತ್ತಾರೆ. ನಮ್ಮ 'ಪಡುವಣ'ವೂ ಹಾಗೇ ತಾನೆ? ಹೊತ್ತು ಪಡುವ ದಿಕ್ಕು. ಅವ್ವನಿಗೆ ನಾನು ಹೇಳಿದ್ದು ತಪ್ಪಾಗಿರಲಿಲ್ಲ.

ಅವನ ವಾದ ಇಷ್ಟು. ಸಂಸ್ಕೃತಿಗಳು ಗಿಡಮರಗಳ ಹಾಗೆ. ಚಿಗುರುತ್ತವೆ, ಹೂ ಬಿಡುತ್ತವೆ, ಒಣಗುತ್ತವೆ. ಈಜಿಪ್ಟ್, ಬ್ಯಾಬಿಲೋನ್, ಭಾರತ, ಚೀನಾ, ಮೆಕ್ಸಿಕೋ, ಗ್ರೀಸ್-ರೋಮ್, ಅರಬ್ ಲೋಕ, ಕೊನೆಗೆ ಪಶ್ಚಿಮ, ಹೀಗೆ ಎಂಟು ಮಹಾ ಸಂಸ್ಕೃತಿಗಳು. ಒಂದೊಂದರ ಆಯಸ್ಸು ಸುಮಾರು ಸಾವಿರ ವರ್ಷ. ಸೃಷ್ಟಿಸುವ ಶಕ್ತಿ ಬತ್ತಿದ ಮೇಲೆ ಉಳಿಯುವುದು ದೊಡ್ಡ ನಗರ, ದುಡ್ಡು, ಯಂತ್ರ, ಸರ್ವಾಧಿಕಾರಿಗಳು. ಅದಕ್ಕೆ ಅವನು 'ನಾಗರಿಕತೆ' ಅಂತಾನೆ. ಅವನ ಲೆಕ್ಕದಲ್ಲಿ ನಾಗರಿಕತೆ ಅಂದರೆ ಸಾಯುವ ಕಾಲ. ಹಾಗಾಗಿ ಹೊಸ ತಲೆಮಾರಿನ ಹುಡುಗರು ಭಾವಗೀತೆ ಬಿಟ್ಟು ಯಂತ್ರವಿದ್ಯೆ ಹಿಡಿಯಲಿ, ತತ್ವಜಿಜ್ಞಾಸೆ ಬಿಟ್ಟು ರಾಜಕೀಯಕ್ಕೆ ಇಳಿಯಲಿ ಎಂಬುದು ಅವನ ಸಲಹೆ. ನಾನು ಕವನ ಬರೆಯುತ್ತೇನೆಂದು ಗೊತ್ತಾದಾಗ ನಮ್ಮ ಸೋದರಮಾವನೂ ಇದನ್ನೇ ಹೇಳಿದ್ದ. ಅವನೇನೂ ಸ್ಪೆಂಗ್ಲರ್ ಓದಿರಲಿಲ್ಲ.

ಆ ದುಃಖ ಸುಳ್ಳು ಅಂತ ನಾನು ಹೇಳುವುದಿಲ್ಲ. 1914ರಿಂದ 1918ರ ತನಕ ಯೂರೋಪು ತನ್ನ ಮಕ್ಕಳನ್ನು ತಾನೇ ಕೊಂದುಕೊಂಡಿತು. ವಿಜ್ಞಾನ ಕಲಿತವರು ವಿಷಗಾಳಿ ಬಿಟ್ಟರು. ಎರಡೂ ಕಡೆಯ ಪಾದ್ರಿಗಳು ಒಬ್ಬನೇ ಏಸುವಿನ ಹೆಸರಲ್ಲಿ ಬಂದೂಕಿಗೆ ಆಶೀರ್ವಾದ ಮಾಡಿದರು. ನಾಳೆ ಇವತ್ತಿಗಿಂತ ಚೆನ್ನಾಗಿರುತ್ತದೆ ಎಂಬ ನಂಬಿಕೆ ಕಂದಕದ ಕೆಸರಲ್ಲಿ ಹೂತುಹೋಯಿತು. 'ಬದುಕಿಗೆ ಅರ್ಥ ಏನು?' ಎಂಬ ಪ್ರಶ್ನೆ ಅಲ್ಲಿನವರ ಗಂಟಲು ಹಿಡಿದದ್ದು ಆಗ. ಮಗನನ್ನು ಕಳಕೊಂಡ ತಾಯಿಯ ಮುಂದೆ ನಿಂತು 'ನಿಮ್ಮ ಸಾಮ್ರಾಜ್ಯಕ್ಕೆ ತಕ್ಕ ಶಾಸ್ತಿ ಆಯ್ತು' ಅನ್ನುವುದು ಮನುಷ್ಯರ ಮಾತಲ್ಲ.

ಆದರೆ ಅವ್ವನ ಪ್ರಶ್ನೆ ಇದೆಯಲ್ಲ. ಬಾಗಿಲು ಕಾಯುತ್ತಿದ್ದವನು?

ಆ ಯುದ್ಧಕ್ಕೆ ಭಾರತದಿಂದ ಹತ್ತು ಲಕ್ಷಕ್ಕೂ ಹೆಚ್ಚು ಜನ ಕಡಲು ದಾಟಿ ಹೋದರು. 70 ಸಾವಿರಕ್ಕೂ ಹೆಚ್ಚು ಜನ ಹಿಂದಿರುಗಲಿಲ್ಲ. ಸ್ಪೆಂಗ್ಲರ್‌ನ ಪುಸ್ತಕ ಅಚ್ಚಾದ 1918ರಲ್ಲೇ, ಸೆಪ್ಟೆಂಬರ್ 23ರಂದು, ನಮ್ಮ ಮೈಸೂರು ಸಂಸ್ಥಾನದ ಕುದುರೆ ಪಡೆ ಜೋಧಪುರದವರ ಜೊತೆ ಸೇರಿ ಪ್ಯಾಲೆಸ್ತೀನಿನ ಹೈಫಾ ಪಟ್ಟಣಕ್ಕೆ ನುಗ್ಗಿತು. ಯಾರ ಮನೆ ಉಳಿಸಲು? ಮಹಾರರನ್ನು ಸೈನ್ಯಕ್ಕೆ ಸೇರಿಸುವುದನ್ನು ಎಂದೋ ನಿಲ್ಲಿಸಿದ್ದ ಬ್ರಿಟಿಷರು, ಜನ ಸಾಲದೆ ಬಂದಾಗ 1917ರಲ್ಲಿ 111ನೇ ಮಹಾರ್ ಪಡೆ ಕಟ್ಟಿದರು. ಯುದ್ಧ ಮುಗಿಯಿತು. 1921ರಲ್ಲಿ ಪಡೆಯನ್ನು ವಿಸರ್ಜಿಸಿ ಮನೆಗೆ ಕಳಿಸಿದರು. ಮನೆ ಅಂದರೆ ಅದೇ ಕೇರಿ, ಅದೇ ಮುಟ್ಟಬಾರದ ಕೆರೆ.

ಇನ್ನೂ ಹಿಂದಕ್ಕೆ ಹೋಗಿ. 1885ರಿಂದ 1908ರವರೆಗೆ ಆಫ್ರಿಕಾದ ಕಾಂಗೋ ನಾಡು ಬೆಲ್ಜಿಯಂ ದೊರೆ ಲಿಯೋಪೋಲ್ಡನ ಖಾಸಗಿ ಆಸ್ತಿಯಾಗಿತ್ತು. ಹೇಳಿದಷ್ಟು ರಬ್ಬರ್ ತಾರದ ಹಳ್ಳಿಗಳಲ್ಲಿ ಕೈ ಕತ್ತರಿಸುತ್ತಿದ್ದರು. ಯೂರೋಪಿನ ಮನೆಗೆ ಆಗ ದೀಪಾಲಂಕಾರ ನಡೆದಿತ್ತು. ಯಾರೂ ಅದನ್ನು ಅವನತಿ ಎಂದು ಕರೆಯಲಿಲ್ಲ. ಮಾರ್ಟಿನಿಕ್ ದ್ವೀಪದ ಕರಿಯ ಕವಿ ಎಮೆ ಸೆಸೇರ್ 1950ರಲ್ಲಿ ಬರೆದ ವಸಾಹತುಶಾಹಿ ಕುರಿತ ಪುಸ್ತಕದಲ್ಲಿ ಹೇಳಿದ್ದು ಇದನ್ನೇ: ಹಿಟ್ಲರ್ ಮಾಡಿದ್ದು ಯೂರೋಪಿಗೆ ಸಹಿಸಲಾಗಲಿಲ್ಲ, ಯಾಕೆಂದರೆ ಅಲ್ಲಿವರೆಗೆ ಬೇರೆ ಬಣ್ಣದವರಿಗೆ ಮೀಸಲಾಗಿದ್ದ ಕ್ರೌರ್ಯವನ್ನು ಅವನು ಬಿಳಿಯರ ಮೇಲೆ ಮಾಡಿದ. ಸ್ಪೆಂಗ್ಲರ್‌ನೇ 1933ರ ತನ್ನ ಪುಸ್ತಕದಲ್ಲಿ ಬಣ್ಣದ ಜನಗಳ ಕ್ರಾಂತಿ ಪಶ್ಚಿಮವನ್ನು ನುಂಗಲಿದೆ ಎಂದು ಹೆದರಿಸಿದ. ನಾವು ತಲೆ ಎತ್ತುವುದು ಅವನಿಗೆ ಮನೆ ಬೀಳುವ ಅಪಶಕುನ.

ಇಲ್ಲಿ ಒಂದು ಸ್ವಾರಸ್ಯ ಇದೆ. ಒಂದು ಸಂಸ್ಕೃತಿ ಸತ್ತ ಮೇಲೆ ಅಲ್ಲಿ ಉಳಿಯುವ ಜನಕ್ಕೆ ಸ್ಪೆಂಗ್ಲರ್ ಕೊಟ್ಟ ಹೆಸರು 'ಫೆಲ್ಲಾ'. ಅವರಿಗೆ ಚರಿತ್ರೆ ಇಲ್ಲ. ಹುಟ್ಟುತ್ತಾರೆ, ಸಾಯುತ್ತಾರೆ, ಏನೂ ನಡೆಯುವುದಿಲ್ಲ. ಭಾರತವೂ ಅವನ ಪಟ್ಟಿಯಲ್ಲಿ ಎಂದೋ ಸತ್ತದ್ದು. ಆ ಪದ ಬಂದದ್ದು ಈಜಿಪ್ಟಿನ ರೈತರ ಹೆಸರಿನಿಂದ. ಅರಬ್ಬಿಯಲ್ಲಿ ಅದರ ಅರ್ಥ ಉಳುವವನು. ಉಳುವವನಿಗೆ ಚರಿತ್ರೆ ಇಲ್ಲ! ಪಿರಮಿಡ್ಡಿನ ದೊರೆ ಹೋದ, ರೋಮಿನ ದೊರೆ ಹೋದ, ತುರ್ಕಿಯವನು, ಇಂಗ್ಲಿಷಿನವನು, ಎಲ್ಲಾ ಹೋದರು. ನೈಲ್ ನದಿ ದಂಡೆಯಲ್ಲಿ ಬಿತ್ತುತ್ತಾ ಇದ್ದವನು ಅವನೊಬ್ಬನೇ. ಅವನ ಬದುಕಿನಲ್ಲಿ ಏನೂ ನಡೆಯಲಿಲ್ಲ ಎಂದು ಹೇಳಿದವರು ಯಾರು? ಅವನನ್ನು ಯಾರೂ ಕೇಳಿರಲಿಲ್ಲ, ಅಷ್ಟೇ.

ಹಾಗಂತ ಉಳುವವನನ್ನು ಹೊಗಳಿ ಪದ್ಯ ಕಟ್ಟುವುದೂ ನನಗೆ ಬೇಡ. ಪರರ ಹೊಲ ಉಳುವುದರಲ್ಲಿ ದೊಡ್ಡ ಅರ್ಥವಿದೆ ಅಂತ ನೆರಳಲ್ಲಿ ಕೂತವರು ಹೇಳಬಹುದು. ನಮ್ಮಪ್ಪ ಹೇಳುವುದಿಲ್ಲ.

ಗೆಳೆಯರೆ, ಈಗ ಮುಖ್ಯ ಮಾತಿಗೆ ಬರುತ್ತೇನೆ. ಯೂರೋಪಿನವನು 'ನನ್ನ ಬದುಕಿಗೆ ಅರ್ಥವೇ ಇಲ್ಲ' ಎಂದು ಕೊರಗಿದ. ನಮ್ಮ ಮುತ್ತಾತಂದಿರಿಗೆ ಆ ಕೊರತೆ ಇತ್ತೆ? ಇರಲಿಲ್ಲ. ಅವರ ಮೇಲೆ ಹೇರಿದ್ದು ಬರೀ ಸೌದೆ ಹೊರೆಯಲ್ಲ, ಅರ್ಥದ ಹೊರೆ. ಯಾಕೆ ಊರ ಹೊರಗಿದ್ದೀಯ? ಹಿಂದಿನ ಜನ್ಮದ ಪಾಪ. ಯಾಕೆ ಸತ್ತ ದನ ಎಳೆಯಬೇಕು? ನಿನ್ನ ಧರ್ಮ. ಸುಮ್ಮನೆ ಎಳೆದರೆ ಏನು ಸಿಗುತ್ತದೆ? ಮುಂದಿನ ಜನ್ಮ. ಒಂದು ಪ್ರಶ್ನೆಯೂ ಉತ್ತರವಿಲ್ಲದೆ ಉಳಿದಿರಲಿಲ್ಲ. ಸ್ಪೆಂಗ್ಲರ್‌ನಿಗೆ ಬೇಕಾದ ಗಟ್ಟಿಮುಟ್ಟಾದ, ಎಲ್ಲಕ್ಕೂ ಅರ್ಥ ಇರುವ ಸಮಾಜ ನಮ್ಮ ಹಳ್ಳಿಯಲ್ಲೇ ಇತ್ತು. ಅಲ್ಲಿ ಅನಾಥಪ್ರಜ್ಞೆ ಇರಲಿಲ್ಲ. ಕುಡಿಯುವ ನೀರು ಇರಲಿಲ್ಲ.

ನನ್ನ ಮುತ್ತಾತ ತೋಟಿಯಾಗಿದ್ದವನು. ಡಂಗುರ ಸಾರುವುದು, ಕಂದಾಯದ ಗಂಟು ಹೊತ್ತು ಅಮಲ್ದಾರರ ಕಚೇರಿಗೆ ನಡೆಯುವುದು, ನಡುರಾತ್ರಿಯಲ್ಲಿ ಸಾವಿನ ಸುದ್ದಿ ಹೊತ್ತು ಪರಊರಿಗೆ ಓಡುವುದು, ಚಾವಡಿ ಬಾಗಿಲಲ್ಲಿ ನಿಲ್ಲುವುದು. ಕೂಲಿ ಅಂತ ಸುಗ್ಗಿಯಲ್ಲಿ ಕಣದ ಅಂಚಿಗೆ ನಿಂತು ಪಡೆಯುವ ಆಯ. 1961ರಲ್ಲಿ ಮೈಸೂರು ರಾಜ್ಯ ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ರದ್ದು ಮಾಡುವ ಕಾಯಿದೆ ತಂತು. 1963ರಿಂದ ಜಾರಿಯಾಯಿತು. ಮುತ್ತಾತನಿಗೆ ಬಿಡುಗಡೆ ಆಯಿತು. ಆದರೆ ಅಜ್ಜಿ ಹೇಳುತ್ತಿದ್ದಳು, ಕಾನೂನು ಬಂದ ಮೇಲೂ ಅವನು ಬೆಳಗಾದರೆ ಕಂಬಳಿ ಹೊದ್ದು ಹೋಗಿ ಚಾವಡಿ ಬಾಗಿಲಲ್ಲಿ ನಿಲ್ಲುತ್ತಿದ್ದನಂತೆ. ಮನೆಯವರು ಬೈದರೆ, "ನಾನು ನಿಲ್ದೇ ಇದ್ರೆ ಊರು ಹೆಂಗ್ಲಾ ನಡೀತದೆ?" ಅನ್ನುತ್ತಿದ್ದನಂತೆ.

ಸ್ಪೆಂಗ್ಲರ್ 1931ರಲ್ಲಿ ಮನುಷ್ಯ ಮತ್ತು ಯಂತ್ರವಿದ್ಯೆ ಕುರಿತು ಒಂದು ಚಿಕ್ಕ ಪುಸ್ತಕ ಬರೆದ. ಅದರ ಕೊನೆಯಲ್ಲಿ ಒಬ್ಬ ರೋಮನ್ ಸಿಪಾಯಿ ಬರುತ್ತಾನೆ. ವೆಸೂವಿಯಸ್ ಬೆಟ್ಟ ಬೆಂಕಿ ಕಾರಿ ಪಾಂಪೇ ಪಟ್ಟಣ ಬೂದಿಯಲ್ಲಿ ಮುಳುಗುವಾಗ ಬಾಗಿಲು ಕಾಯುತ್ತಿದ್ದ ಆ ಸಿಪಾಯಿ ಕದಲದೆ ನಿಂತು ಸತ್ತನಂತೆ. ಅವನ ಪಾಳಿ ಬಿಡಿಸಲು ಮೇಲಿನವರು ಮರೆತಿದ್ದರಂತೆ. ನಿಜವೋ ದಂತಕಥೆಯೋ, ಸ್ಪೆಂಗ್ಲರ್‌ನಿಗೆ ಅದೇ ಹಿರಿಮೆ. ಆಸೆ ಇಲ್ಲದಿದ್ದರೂ, ಎಲ್ಲ ಮುಳುಗುತ್ತಿದ್ದರೂ, ನಿಂತ ಜಾಗದಲ್ಲಿ ನಿಲ್ಲುವುದು. ಅವನತಿಯ ಕಾಲದಲ್ಲಿ ಬದುಕಿಗಿರುವ ಅರ್ಥ ಅಷ್ಟೇ ಎಂದು ಅವನ ತೀರ್ಮಾನ.

ಅದನ್ನು ಓದಿದ ದಿನ ನನಗೆ ಕಂಡದ್ದು ರೋಮನ್ ಸಿಪಾಯಿ ಅಲ್ಲ. ಕಂಬಳಿ ಹೊದ್ದ ನನ್ನ ಮುತ್ತಾತ. ಅವನನ್ನು ನೋಡಿ ನಾನು ನಗಲಾರೆ. ಇಡೀ ಬದುಕಿನಲ್ಲಿ ಅವನಿಗೆ ಸಿಕ್ಕ ಒಂದೇ ಮರ್ಯಾದೆ ಆ ನಿಲ್ಲುವಿಕೆ. ಆದರೆ ಅದನ್ನು ಹಿರಿಮೆ ಎಂದು ಬರೆಯಲೂ ಆರೆ. ಸ್ಪೆಂಗ್ಲರ್ ಕೇಳಬೇಕಾಗಿದ್ದ ಪ್ರಶ್ನೆ ಬೇರೆ. ಆ ಸಿಪಾಯಿಯನ್ನು ಕರೆದುಕೊಂಡು ಬರಲು ಯಾಕೆ ಯಾರೂ ಹೋಗಲಿಲ್ಲ? ಮೇಲಿನವರು ಓಡಿಹೋಗುವಾಗ ಬಾಗಿಲ ಕಡೆ ತಿರುಗಿ ಒಂದು ಕೂಗು ಯಾಕೆ ಹಾಕಲಿಲ್ಲ? ಅವನ ಸಾವನ್ನು ಘನತೆ ಎಂದು ಹೊಗಳುವುದರಿಂದ ಮರೆತವರ ತಪ್ಪು ಮುಚ್ಚಿಹೋಗುತ್ತದೆ. ಕರ್ಮಸಿದ್ಧಾಂತ ಮಾಡಿದ ಕೆಲಸವೂ ಇದೇ ಅಲ್ಲವೆ?

ವಿಯೆನ್ನಾದ ವೈದ್ಯ ವಿಕ್ಟರ್ ಫ್ರಾಂಕಲ್ ಹೆಸರನ್ನು ಇಲ್ಲಿ ಹೇಳದೆ ಹೋದರೆ ಅನ್ಯಾಯ. ಯಹೂದಿಯಾದ ಅವನು ನಾಜಿಗಳ ಶಿಬಿರಗಳಲ್ಲಿ ಇದ್ದು ಬಂದವನು. ತಂದೆ, ತಾಯಿ, ಅಣ್ಣತಮ್ಮ, ಹೆಂಡತಿಯನ್ನು ಕಳಕೊಂಡವನು. ಎಂಥ ಸ್ಥಿತಿಯಲ್ಲೂ ಮನುಷ್ಯ ಅರ್ಥ ಹುಡುಕಬಲ್ಲ ಎಂದು 1946ರಲ್ಲಿ ಬರೆದ. ಇವತ್ತು ಆ ಮಾತನ್ನು ಹಿಡಿದು 'ನೋವಲ್ಲೇ ಅರ್ಥ ಕಂಡುಕೊಳ್ಳಿ' ಅಂತ ನಮಗೆ ಭಾಷಣ ಮಾಡುವವರಿದ್ದಾರೆ. ಫ್ರಾಂಕಲ್ ಹಾಗೆ ಹೇಳಲಿಲ್ಲ. ತಪ್ಪಿಸಬಹುದಾದ ನೋವಾದರೆ ಮೊದಲು ಅದರ ಕಾರಣ ತೆಗೆಯಬೇಕು, ಬೇಡದ ನೋವನ್ನು ಸಹಿಸುವುದು ಶೌರ್ಯವಲ್ಲ ಎಂದೂ ಅವನೇ ಹೇಳಿದ್ದಾನೆ. ಜಾತಿ ತಪ್ಪಿಸಬಹುದಾದ ನೋವು.

ಇನ್ನೊಂದು ಚಿತ್ರ ನೋಡಿ. ಸ್ಪೆಂಗ್ಲರ್‌ನ ಎರಡನೇ ಸಂಪುಟ ಬಂದ 1922ರಲ್ಲೇ ಟಿ.ಎಸ್. ಎಲಿಯಟ್‌ನ ದೀರ್ಘ ಕವನ 'ವೇಸ್ಟ್ ಲ್ಯಾಂಡ್' ಅಚ್ಚಾಯಿತು. ಲಂಡನ್ನಿನ ಬ್ಯಾಂಕೊಂದರಲ್ಲಿ ದುಡಿಯುತ್ತಿದ್ದ ಆ ಕವಿ, ಬರಡಾದ ಯೂರೋಪಿನ ಮಧ್ಯೆ ನಿಂತು ಕೊನೆಗೆ ಕೈ ಚಾಚಿದ್ದು ಬೃಹದಾರಣ್ಯಕ ಉಪನಿಷತ್ತಿನ ಕಡೆಗೆ. ಕವನ ಶಾಂತಿಮಂತ್ರದಲ್ಲಿ ಮುಗಿಯುತ್ತದೆ. ಮುಂದೆ ನಮ್ಮ ನವ್ಯ ಕವಿಗಳಿಗೂ ಆ ಬರಡು ನೆಲದ ಗಾಳಿ ಬೀಸಿತು. ಅದೇ ಲಂಡನ್ನಿನಲ್ಲಿ, ಅದೇ ಹೊತ್ತಿನಲ್ಲಿ, 1920ರಿಂದ 1923ರವರೆಗೆ ಇನ್ನೊಬ್ಬ ತರುಣ ಅರೆಹೊಟ್ಟೆಯಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿನ ಗ್ರಂಥಾಲಯದಲ್ಲಿ ಕೂತಿದ್ದ. ಅವನು ಭೀಮರಾವ್ ಅಂಬೇಡ್ಕರ್. ಅಮೆರಿಕದಲ್ಲಿ ಓದಿ 1917ರಲ್ಲಿ ಬರೋಡಾದ ಕೆಲಸಕ್ಕೆ ಹೋದಾಗ ಇರಲು ಒಂದು ಕೋಣೆ ಸಿಗದೆ ಹಿಂದಿರುಗಿದ್ದವನು. ಲಂಡನ್ನಿನಲ್ಲಿ ಅವನು ಹುಡುಕಿದ್ದು ರೂಪಾಯಿಯ ಸಮಸ್ಯೆ, ಕಾನೂನು, ಅರ್ಥಶಾಸ್ತ್ರ.

ಎಲಿಯಟ್ ಶಾಂತಿ ಕಂಡ ಮಂತ್ರ ಅಂಬೇಡ್ಕರರ ಅಜ್ಜನ ಕಿವಿಗೆ ಬೀಳಬಾರದಾಗಿತ್ತು. ಪಶ್ಚಿಮದ ಕವಿಗೆ ಬಾಗಿಲು ತೆರೆಯಿತು, ಸ್ವಂತ ಊರಿನವನಿಗೆ ತೆರೆಯಲಿಲ್ಲ. ಬೀಳುತ್ತಿದೆ ಎಂದು ಎಲ್ಲರೂ ಅಳುತ್ತಿದ್ದ ಆ ಮನೆಯಿಂದ ಅಂಬೇಡ್ಕರ್ ಕೆಲವು ಗಟ್ಟಿ ಮರ ಆರಿಸಿಕೊಂಡು ಬಂದರು. 1927ರ ಮಾರ್ಚ್ 20ರಂದು ಮಹಾಡಿನ ಕೆರೆಯ ನೀರು ಮುಟ್ಟಿದರು. ಡಿಸೆಂಬರ್ 25ರಂದು ಅಲ್ಲೇ ಮನುಸ್ಮೃತಿಗೆ ಬೆಂಕಿ ಇಟ್ಟರು. ಒಂದು ಕಡೆ ಅರ್ಥ ಕಳಕೊಂಡವರ ಗೋಳು, ಇನ್ನೊಂದು ಕಡೆ ಹೇರಿದ ಅರ್ಥವನ್ನು ಸುಟ್ಟವರ ಬೆಳಕು. ಎರಡೂ ಒಂದೇ ದಶಕ.

ಹೀಗಿರುವಾಗ ಇವತ್ತು ನಮ್ಮಲ್ಲಿ ಒಂದು ಗುಂಪು ಕುಣಿಯುತ್ತಿದೆ. 'ಪಶ್ಚಿಮ ಮುಳುಗಿತು, ಇನ್ನು ಜಗತ್ತು ನಮ್ಮ ಅಧ್ಯಾತ್ಮದ ಕಾಲಿಗೆ ಬೀಳುತ್ತದೆ, ನಾವು ವಿಶ್ವಗುರು' ಅಂತ. ಅಲ್ರಪ್ಪಾ, ಮ್ಯಾನ್‌ಹೋಲಿಗೆ ಮನುಷ್ಯನನ್ನು ಇಳಿಸಿ ಕೊಲ್ಲುವ ನಾಡು ಯಾರಿಗೆ ಗುರು? ಅವರ ಮನೆ ಬಿದ್ದರೆ ನಮ್ಮ ಮನೆ ಗಟ್ಟಿಯಾಗುವುದಿಲ್ಲ. ನಾನು ಪಶ್ಚಿಮದ ವಕೀಲನಲ್ಲ. ಕಾಂಗೋದ ಕೈಗಳ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ. ಆದರೆ ಬಿದ್ದವನನ್ನು ನೋಡಿ ಚಪ್ಪಾಳೆ ಹೊಡೆಯುವುದು ನಮ್ಮ ಕೆಲಸ ಅಲ್ಲ.

ನಮ್ಮ ಪೈಕಿಯವರಿಗೂ ಒಂದು ಮಾತು. 'ಅರ್ಥದ ಪ್ರಶ್ನೆ ಹೊಟ್ಟೆ ತುಂಬಿದವರದ್ದು, ನಮಗೆ ಬೇಕಾದ್ದು ಭೂಮಿ, ಕೂಲಿ, ಮೀಸಲಾತಿ' ಅಂತ ನಾವು ಅನ್ನುತ್ತೇವೆ. ನಾನೂ ಸಭೆಗಳಲ್ಲಿ ಅಂದಿದ್ದೇನೆ. ಈಗ ಅದು ಅರ್ಧ ಸತ್ಯ ಅನ್ನಿಸುತ್ತದೆ. ಸಂವಿಧಾನ ಬರೆದು ಮುಗಿಸಿದ ಬಾಬಾಸಾಹೇಬರು 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರ ಜೊತೆ ಬೌದ್ಧರಾದರು. ಯಾಕೆ? ಕಾನೂನು ಸಾಕಾಗಿದ್ದರೆ ಧಮ್ಮ ಯಾಕೆ? ಸ್ವಾತಂತ್ರ್ಯ, ಸಮಾನತೆ, ಬಂಧುತ್ವ ನನಗೆ ಬಂದದ್ದು ಫ್ರೆಂಚ್ ಕ್ರಾಂತಿಯಿಂದ ಅಲ್ಲ, ಬುದ್ಧನಿಂದ ಎಂದು 1954ರಲ್ಲಿ ರೇಡಿಯೋದಲ್ಲಿ ಹೇಳಿದ್ದರು. ಹಳೆಯ ಅರ್ಥವನ್ನು ಸುಟ್ಟ ಮೇಲೆ ಉಳಿಯುವ ಖಾಲಿ ಜಾಗ ಅವರಿಗೆ ಗೊತ್ತಿತ್ತು.

ಆ ಖಾಲಿ ಜಾಗ ನನಗೂ ಗೊತ್ತು. ಮನೆಯಲ್ಲಿ ಮೊದಲು ಕಾಲೇಜು ಮೆಟ್ಟಿಲು ಹತ್ತಿದವನು ನಾನು. ಪಟ್ಟಣದ ಹಾಸ್ಟೆಲಿನಲ್ಲಿ ರಾತ್ರಿ ಮಲಗಿದರೆ ಮೇಲೆ ಆಕಾಶವೂ ಇಲ್ಲ, ಕೆಳಗೆ ನೆಲವೂ ಇಲ್ಲ ಅನ್ನಿಸುತ್ತಿತ್ತು. ಮುತ್ತಾತನ ಚಾವಡಿಗೆ ಹಿಂದಿರುಗಲಾರೆ. ಮುಂದಿನ ಮನೆಗೆ ನನ್ನನ್ನು ಕರೆದವರಿಲ್ಲ. ಆಗ ಯೂರೋಪಿನವರ ಪುಸ್ತಕ ಓದತೊಡಗಿದೆ. ಅವರ ಕೊರಗು ನನ್ನದೇ ಕೊರಗು ಅನ್ನಿಸಿ ಒಳಗೊಳಗೇ ಸುಖ ಆಗುತ್ತಿತ್ತು. ನಾಚಿಕೆ ಬಿಟ್ಟು ಹೇಳುತ್ತಿದ್ದೇನೆ.

ನನ್ನ ಪಕ್ಕದ ಮಂಚದಲ್ಲಿ ನಮ್ಮ ಕಡೆಯವನೇ ಒಬ್ಬ ಹುಡುಗ ಇದ್ದ. ಲೆಕ್ಕದಲ್ಲಿ ಜಾಣ. ಇಂಗ್ಲಿಷ್ ಪೇಪರ್ ಎರಡು ಸಲ ಹೋಗಿತ್ತು. ಎಷ್ಟೋ ರಾತ್ರಿ ಅವನು ನಿದ್ದೆ ಮಾಡದೆ ಎದ್ದು ಕೂತಿರುತ್ತಿದ್ದ. ನಾನು ದೀಪ ಹಾಕಿಕೊಂಡು ಬದುಕಿನ ಅರ್ಥದ ಮೇಲೆ ಓದುತ್ತಿದ್ದೆ. "ಏನಾಯ್ತೋ?" ಅಂತ ಒಂದು ದಿನ ಕೇಳಲಿಲ್ಲ. ಒಂದು ಬೆಳಗ್ಗೆ ಮಂಚ ಖಾಲಿ ಇತ್ತು. ಟ್ರಂಕು ಇರಲಿಲ್ಲ. ಎರಡು ವರ್ಷ ಕಳೆದ ಮೇಲೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ. ಗಾರೆ ಕೆಲಸಕ್ಕೆ ಹೋಗುತ್ತಿದ್ದೇನೆ ಅಂದ. ಕೈ ನೋಡಿದೆ, ಸಿಮೆಂಟಿಗೆ ಬಿರಿದಿತ್ತು. "ಅವತ್ತು ಹೋಗ್ತೀನಿ ಅಂತ ಒಂದ್ಮಾತು ಹೇಳಬಾರದಿತ್ತೇನೋ" ಅಂದೆ. "ನೀನು ಓದ್ತಾ ಇದ್ದೆ ಕಣೋ" ಅಂದ. ಬೈಯಲಿಲ್ಲ. ಅದೇ ನನ್ನನ್ನು ಇವತ್ತಿಗೂ ಚುಚ್ಚುತ್ತದೆ.

ಬಾಗಿಲು ಕಾಯುತ್ತಿದ್ದವನನ್ನು ಮರೆತದ್ದು ಪಾಂಪೇಯ ದೊಡ್ಡವರು ಮಾತ್ರ ಅಲ್ಲ. ಮೂರಡಿ ದೂರದಲ್ಲಿದ್ದ ನಾನೂ ಮರೆತೆ.

ಇದರಿಂದ ನನಗೆ ತಿಳಿದದ್ದು ಇಷ್ಟು. ಅರ್ಥ ಎಂಬುದು ನಿಂತ ಜಾಗದಲ್ಲಿ ಕಲ್ಲಾಗಿ ನಿಲ್ಲುವುದರಲ್ಲಿ ಇಲ್ಲ. ಅಜ್ಜ ಬಿಟ್ಟುಹೋದ ಪೆಟ್ಟಿಗೆಯಲ್ಲೂ ಇಲ್ಲ. ಒಬ್ಬ ಬಾಗಿಲಲ್ಲಿ ಒಂಟಿಯಾಗಿ ನಿಂತಿದ್ದಾನೆ ಎಂದು ಗೊತ್ತಾದಾಗ ಎದ್ದು ಹೋಗಿ, 'ಸಾಕು ಬಾ, ಪಾಳಿ ನಾನು ನೋಡ್ಕತೀನಿ, ಇಲ್ಲಾ ಇಬ್ರೂ ಸೇರಿ ಈ ಬಾಗಿಲೇ ಬೇಡ ಅನ್ನೋಣ' ಎಂದು ಕೈ ಹಿಡಿಯುವುದರಲ್ಲಿ ಅದು ಹುಟ್ಟುತ್ತದೆ. ಮಹಾಡಿನ ಕೆರೆಯಲ್ಲಿ ನಡೆದದ್ದು ಇದು. ಬೊಗಸೆ ನೀರು ಕುಡಿದರೆ ಬಾಯಾರಿಕೆ ಅಷ್ಟೇ ಹೋಗುತ್ತದೆ. ಸಾವಿರಾರು ಜನ ಜೊತೆಗೆ ನಿಂತು ಕುಡಿದಾಗ ನೀರಿಗೆ ಬೇರೆ ಅರ್ಥ ಬಂತು.

ಪಶ್ಚಿಮ ಮುಳುಗುತ್ತದೋ ಏಳುತ್ತದೋ ನಾನು ಜ್ಯೋತಿಷ್ಯ ಹೇಳಲಾರೆ. ಮುಳುಗಿದರೆ ಅಲ್ಲೂ ಬಾಗಿಲುಗಳಿರುತ್ತವೆ. ಪರದೇಶದಿಂದ ದುಡಿಯಲು ಹೋದವರು, ಕರಿಯರು, ಗಣಿಯಲ್ಲಿ ಇಳಿದವರು ಅಲ್ಲಿ ನಿಂತಿರುತ್ತಾರೆ. ಅವರು ನಮ್ಮವರು.

ಆ ಗೆಳೆಯ ಈಗ ಭಾನುವಾರ ಸಂಜೆ ನಮ್ಮ ಕೇರಿಯ ಸಮುದಾಯ ಭವನಕ್ಕೆ ಬಂದು ಹುಡುಗರಿಗೆ ಲೆಕ್ಕ ಹೇಳಿಕೊಡುತ್ತಾನೆ. ನಾನು ಅವನಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ, ಬಾಕಿ ಪೇಪರ್ ಕಟ್ಟಲಿ ಅಂತ. ಮೊನ್ನೆ ಪಾಠ ಮುಗಿಸಿ ಮನೆಗೆ ಬಂದಾಗ ಅವ್ವ ಕೇಳಿದಳು, "ಆ ಪಡುವಲ ದೇಸದ ಬುಕ್ಕು ಮುಗೀತೇನ್ಲಾ?"

"ಇನ್ನೂ ಇಲ್ಲ ಕಣವ್ವ."

"ಬಾಗ್ಲೋನು ಸಿಕ್ಕುದ್ನಾ?"

"ಸಿಕ್ಕುದ. ಹೊರಗೆ ಕೈ ತೊಳೀತಾವ್ನೆ. ಅವನಿಗೂ ಒಂದು ಮುದ್ದೆ ಇಕ್ಕು" ಅಂದೆ.